ಗೋಡೆಯ ಹುಚ್ಚು ಹಿಡಿದ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಚಿಕ್ಕಮ್ಮ ಫೋನ್ ಮಾಡಿದ್ದರು. ನಿನ್ನ ಕೋಣೆಯ ತುಂಬ ಸ್ಪ್ರೇ ಪೇಂಟಿನ ವಾಸನೆ, ಉಗುರಿನ ಸಂದಿಯಲ್ಲೆಲ್ಲ ನೀಲಿ ಬಣ್ಣ, ಊಟಕ್ಕೆ ಕೂಗಿದರೂ ಕೇಳುವುದಿಲ್ಲವಂತೆ. ಅವರು ದೂರುತ್ತಿದ್ದರೆ ನನಗೆ ಒಳಗೊಳಗೇ ಖುಷಿ ಕಣೇ. ಅವರಿಗೆ ಹೇಳಿಬಿಡಬೇಡ.

ನೀನು ಕಳಿಸಿದ ಗ್ರಾಫಿಟಿ ಫೋಟೋಗಳನ್ನೆಲ್ಲ ನೋಡಿದೆ. ಕೈ ಚೆನ್ನಾಗಿ ಪಳಗಿದೆ. ಆದರೆ ಅವುಗಳಲ್ಲಿ ನ್ಯೂಯಾರ್ಕಿನ ಹಳೆಯ ಗ್ರಾಫಿಟಿ ಹುಡುಗರು ಕಾಣುತ್ತಾರೆ, ನಮ್ಮ ಪುಟ್ಟಿ ಕಾಣುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ, ಎಲ್ಲರೂ ಯಾರನ್ನೋ ನೋಡಿಯೇ ಶುರುಮಾಡುವುದು.

ಆ ಹುಡುಗರನ್ನೇ ನೋಡು. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಟಾಕಿ 183 ಬಗ್ಗೆ ಬರೆಯಿತು. ಅವನು ತನ್ನ ಅಡ್ಡಹೆಸರನ್ನೂ ಬೀದಿಯ ನಂಬರನ್ನೂ ಮಾರ್ಕರಿನಲ್ಲಿ ಊರೆಲ್ಲ ಬರೆದುಕೊಂಡು ಹೋಗುತ್ತಿದ್ದ, ಅಷ್ಟೇ. ಬರೆಯುವವರು ಹೆಚ್ಚಿದ ಮೇಲೆ ಬರೀ ಹೆಸರು ಸಾಲದಾಯಿತು. ಫೇಸ್ 2 ಎಂಬವನು ಅಕ್ಷರಗಳನ್ನು ಬಲೂನಿನ ಹಾಗೆ ಉಬ್ಬಿಸಿದ. ಬೇರೆ ಸ್ಪ್ರೇ ಡಬ್ಬಿಗಳ ಮೂತಿ ಕಿತ್ತು ಪೇಂಟ್ ಡಬ್ಬಿಗೆ ಸಿಕ್ಕಿಸಿ ನೋಡಿದವರಿಗೆ ದಪ್ಪನೆಯ ಗೆರೆ ಒಲಿಯಿತು. 1979ರಲ್ಲಿ ಹುಡುಗರೇ ತುಂಬಿದ್ದ ಆ ಲೋಕಕ್ಕೆ ಲೇಡಿ ಪಿಂಕ್ ಎಂಬ ಹುಡುಗಿ ಕಾಲಿಟ್ಟಾಗ ಅವಳಿಗೆ ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಇವರಿಗೆಲ್ಲ ಮಾಡಿ ನೋಡೋಣ ಎಂಬ ಎದೆಗಾರಿಕೆ ಇತ್ತು.

ನಿನ್ನ ಹೆಸರನ್ನು ಕನ್ನಡದಲ್ಲಿ ಯಾಕೆ ಬರೆದು ನೋಡಬಾರದು? ‘ಪು’ವಿನ ಕೊಂಬು ಹೊರಕ್ಕೆ ಚಾಚಲಿ, ‘ಟ್ಟಿ’ಯ ಒತ್ತು ಗೋಡೆಯ ಬುಡದವರೆಗೆ ಇಳಿಯಲಿ. ತಲೆಕಟ್ಟನ್ನು ಮುರಿದು ನೋಡು. ನ್ಯೂಯಾರ್ಕಿನ ಆ ಹುಡುಗರಲ್ಲಿ ಅನೇಕರು ಮೊದಲು ಸ್ಕೆಚ್ ಪುಸ್ತಕದಲ್ಲೇ ಗೀಚುತ್ತಿದ್ದರು. ನೀನೂ ಪುಟ ಹಾಳಾದರೆ ಆಗಲಿ ಎಂದು ಗೀಚು. ಚೆನ್ನಾಗಿ ಬರುವ ಗೆರೆಯನ್ನೇ ಮತ್ತೆ ಮತ್ತೆ ಎಳೆಯುತ್ತಿದ್ದರೆ ಮೆಚ್ಚುಗೆ ಸಿಗಬಹುದು, ನಿನ್ನದೇ ಶೈಲಿ ಮಾತ್ರ ಸಿಗಲಾರದು.

ನನ್ನ ಚಿಂತೆ ಬೇರೆ. ಸಾರ್ವಜನಿಕ ಜಾಗಗಳನ್ನು ಅಂದಗೆಡಿಸದಂತೆ ನಮ್ಮ ರಾಜ್ಯದಲ್ಲಿ 1981ರ ಕಾನೂನೇ ಇದೆ. ಗೋಡೆಯ ಯಜಮಾನರನ್ನು ಕೇಳದೆ ಡಬ್ಬಿ ಅಲುಗಾಡಿಸಬೇಡ. ಕೋಣೆಯೊಳಗೆ ಸಿಂಪಡಿಸುವುದನ್ನು ಇವತ್ತೇ ನಿಲ್ಲಿಸು. ತಾರಸಿಗೆ ಹೋಗು, ಪೇಂಟಿಗೆಂದೇ ಇರುವ ಮಾಸ್ಕ್ ಹಾಕಿಕೋ. ನಿನ್ನ ಎಳೆಯ ಶ್ವಾಸಕೋಶ ನನಗೆ ಯಾವ ಚಿತ್ರಕ್ಕಿಂತಲೂ ದೊಡ್ಡದು.

ಮುಂದಿನ ಸಲ ಚೆನ್ನಾಗಿ ಬಂದವುಗಳ ಜೊತೆ ಕೆಟ್ಟುಹೋದ ಪುಟಗಳನ್ನೂ ಕಳಿಸು. ನನಗೆ ಅವನ್ನೇ ಮೊದಲು ನೋಡಬೇಕು.

ನಿನ್ನ ಅಕ್ಕ