ಗಾಲ್ಫ್ ಬರಲಿಲ್ಲ, ಗಾಲ್ಫರ್ಸ್ ಎಲ್ಬೋ ಬಂತು

"ಎಲ್ಲಿ ನೋವು?" ಅಂತ ಕೇಳಿದ ಡಾಕ್ಟರು ನನ್ನ ಬಲ ಮೊಣಕೈಯ ಒಳಬದಿಯ ಮೂಳೆ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ನಾನು ಕುರ್ಚಿಯಿಂದ ಅರ್ಧ ಅಡಿ ಮೇಲೆದ್ದೆ. "ಹಾಂ.. ಇದಕ್ಕೆ ಗಾಲ್ಫರ್ಸ್ ಎಲ್ಬೋ ಅಂತಾರೆ. ಏನು ಕೆಲಸ ನಿಮ್ಮದು?" ಸಾಫ್ಟ್‌ವೇರ್ ಅಂದೆ. "ಹಾಗಾದ್ರೆ ಮೌಸ್ ಹಿಡಿದು ಹಿಡಿದು ಬಂದಿರಬೇಕು. ಗಾಲ್ಫೇನೂ ಆಡಲ್ಲ ಅಲ್ವಾ?" ಅಂತ ನಕ್ಕರು. ಆಡ್ತೀನಿ ಅಂತ ಹೇಳೋಕೆ ನಾಚಿಕೆಯಾಯಿತು. ಯಾಕಂದರೆ ಅದಕ್ಕೆ ಸ್ವಲ್ಪ ದಿನ ಮುಂಚೆ, ನನಗೆ ಗಾಲ್ಫ್ ಬರಲ್ಲ ಅನ್ನೋದು ಕಾಗದದ ಮೇಲೆ ಅಂಕಿಗಳ ಸಮೇತ ಸಾಬೀತಾಗಿತ್ತು!

ಮೊದಲಿಂದ ಹೇಳ್ತೀನಿ.

ಗಾಲ್ಫ್ ಅಂದರೆ ನನಗೆ ಯಾವತ್ತೂ ಬೇರೆ ಯಾರದ್ದೋ ಆಟ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ, ಬ್ರಿಟಿಷರ ಕಾಲದಲ್ಲಿ. ಹೈಗ್ರೌಂಡ್ಸ್ ಕಡೆ ಬಸ್ಸಿನಲ್ಲಿ ಹೋಗುವಾಗ ಆ ಹಸಿರು ನೋಡಿ, ಇದರಲ್ಲಿ ಎಷ್ಟು ಥರ್ಟಿ ಫಾರ್ಟಿ ಸೈಟ್ ಆಗಬಹುದು ಅಂತ ಲೆಕ್ಕ ಹಾಕಿದ್ದು ಬಿಟ್ಟರೆ ನನಗೂ ಅದಕ್ಕೂ ಬೇರೆ ಸಂಬಂಧ ಇರಲಿಲ್ಲ. ಒಂದು ಶನಿವಾರ ಆಫೀಸಿನ ಗೆಳೆಯರು ಡ್ರೈವಿಂಗ್ ರೇಂಜಿಗೆ ಎಳೆದುಕೊಂಡು ಹೋದರು. (ಅಮ್ಮ ಕಾರು ಕಲಿಯೋಕೆ ಹೊರಟಿದ್ದಾನೆ ಅಂದುಕೊಂಡಿದ್ದರು.) ಒಂದು ಬಕೆಟ್ ಚೆಂಡು ಕೊಡ್ತಾರೆ, ಪ್ಲಾಸ್ಟಿಕ್ ಹುಲ್ಲಿನ ಮ್ಯಾಟ್ ಮೇಲೆ ಇಟ್ಟುಕೊಂಡು ಮುಂದಿನ ಬಯಲಿಗೆ ಹೊಡೆಯೋದು, ಅಷ್ಟೇ. ಮೊದಲ ಹದಿನೈದು ಚೆಂಡು ಕಪ್ಪೆ ಥರ ಕುಪ್ಪಳಿಸಿದವು. ಹದಿನಾರನೆಯದು ಮಾತ್ರ.. ಕೈಗೆ ಏನೂ ತಗುಲಿದ ಹಾಗೇ ಆಗಲಿಲ್ಲ, ಟಕ್ ಅಂತ ಸದ್ದು, ಚೆಂಡು ಎಲ್ಲೋ ಆಕಾಶದಲ್ಲಿ. ಆ ಒಂದು ಹೊಡೆತಕ್ಕೆ ನಾನು ಬಿದ್ದುಹೋದೆ.

ಆಮೇಲೆ ಶುರುವಾಯಿತು ನೋಡಿ ಖರೀದಿ. 48 ಸಾವಿರದ ಡ್ರೈವರ್. ಬೆಲ್ಟಿನಂತೆ ಕೈಗೆ ಕಟ್ಟಿಕೊಂಡು ಸ್ವಿಂಗ್ ಸರಿಮಾಡುವ ಪಟ್ಟಿ. ತುದಿಯಲ್ಲಿ ಭಾರದ ಗುಂಡು ಇರುವ ಬಳುಕುವ ಕೋಲು. ಚೆಂಡಿನ ವೇಗವನ್ನು ಫೋನಿಗೆ ಕಳಿಸುವ ಪುಟ್ಟ ಯಂತ್ರ. ನಿಯಮದ ಪ್ರಕಾರ ಒಂದು ಬ್ಯಾಗಿನಲ್ಲಿ 14 ಕ್ಲಬ್ ಮಾತ್ರ ಇಟ್ಟುಕೊಂಡು ಆಡಬಹುದು. ನಮ್ಮ ಮನೆಯ ಮೂಲೆಯಲ್ಲಿ 19 ಇದ್ದವು. ಅಮ್ಮ ಒಂದು ದಿನ ಎಲ್ಲವನ್ನೂ ಎಣಿಸಿ, "ಇಷ್ಟು ಕೋಲು ಇಟ್ಕೊಂಡು ಏನೋ ಮಾಡ್ತೀಯಾ, ಚಪ್ಪರ ಹಾಕ್ತೀಯಾ?" ಅಂದರು.

ವಾರಕ್ಕೆ ನಾಲ್ಕು ಸಂಜೆ ರೇಂಜು, ಒಂದೊಂದು ಸಂಜೆ 200 ಚೆಂಡು. ಊರಾಚೆ ದುಡ್ಡು ಕೊಟ್ಟರೆ ಆಡೋಕೆ ಬಿಡುವ ಒಂದು ಕೋರ್ಸಿನಲ್ಲಿ ಗೆಳೆಯರ ಜೊತೆ ಮೂರು ಸಲ ಆಡಿದೆ. ಮೂರನೇ ಸಲ ನನ್ನ ಸ್ಕೋರು 98. ಹೊಸಬರಿಗೆ 100ರ ಒಳಗೆ ಬರೋದು ಅಂದರೆ ಎಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ಹಾಗೆ. ಆಫೀಸಿನಲ್ಲಿ ಕ್ಯಾಂಟೀನ್, ಲಿಫ್ಟು, ಮೀಟಿಂಗ್ ಎಲ್ಲ ಕಡೆ ಹೇಳಿಕೊಂಡು ಓಡಾಡಿದೆ.

ಆ 98ರ ಕಥೆ ಈಗ ಹೇಳಿಬಿಡ್ತೀನಿ. ನೀರಿಗೆ ಬಿದ್ದ ಚೆಂಡಿಗೆ "ಇನ್ನೊಂದು ಹೊಡಿ ಮಗಾ, ಇದು ಲೆಕ್ಕಕ್ಕಿಲ್ಲ". ಕುಳಿಯಿಂದ ಮೂರಡಿ ದೂರ ನಿಂತರೆ "ಬಿಡು, ಅದು ಒಳಗೆ ಹೋದ ಹಾಗೇ". ಪೊದೆಯಲ್ಲಿ ಸಿಕ್ಕಿಕೊಂಡರೆ ಕಾಲಲ್ಲಿ ಮೆಲ್ಲಗೆ ಈಚೆ. ಎಲ್ಲರೂ ಹಾಗೇ ಮಾಡ್ತಿದ್ದೆವು. ಆದರೆ 98 ಅಂತ ಎಲ್ಲರಿಗೂ ಹೇಳಿಕೊಂಡವನು ನಾನೊಬ್ಬನೇ.

ಹೀಗಿರುವಾಗ ಕಂಪನಿಯಿಂದ ಒಂದು ಔಟಿಂಗ್. ಅದೇ ಕೋರ್ಸು, ಈ ಸಲ ಎಲ್ಲರಿಗೂ ಒಬ್ಬೊಬ್ಬ ಕ್ಯಾಡಿ, ಸ್ಕೋರು ಬರೆಯೋದು ಕ್ಯಾಡಿಯ ಕೆಲಸ. ನನಗೆ ಸಿಕ್ಕಿದ ಅಣ್ಣನಿಗೆ ಐವತ್ತರ ಆಸುಪಾಸು. ಹತ್ತು ವರ್ಷದವರಿದ್ದಾಗಿನಿಂದ ಬೇರೆಯವರ ಬ್ಯಾಗು ಹೊತ್ತವರು. ಸೋಮವಾರ ಕ್ಯಾಡಿಗಳಿಗೆ ಆಡೋಕೆ ಬಿಡ್ತಾರಂತೆ, ಯಾರೋ ಬಿಟ್ಟುಹೋದ ನಾಲ್ಕು ಹಳೇ ಕ್ಲಬ್‌ಗಳಲ್ಲಿ ಅವರು ಆಡ್ತಾರಂತೆ. ನನ್ನ ಡ್ರೈವರ್ ನೋಡಿ "ಚೆನ್ನಾಗಿದೆ ಸಾರ್" ಅಂದರು. ಅದು ಮೊದಲ ಹೋಲಿನಲ್ಲೇ ಚೆಂಡನ್ನು ಬಲಕ್ಕೆ ತಿರುಗಿಸಿ ಕಾಂಪೌಂಡಿನ ಆಚೆ ಹಾಕಿತು. ಅವರು ಏನೂ ಹೇಳಲಿಲ್ಲ, ಬರೆದುಕೊಂಡರು.

18 ಹೋಲ್ ಮುಗಿದಾಗ ಕಾರ್ಡು ಕೈಗಿಟ್ಟರು. 121.

ಇಡೀ ಟೀಮಿನ ಎದುರು ಸ್ಕೋರು ಓದಿದರು. ಯಾರೂ ಗಟ್ಟಿಯಾಗಿ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಊಟ ಬಿಟ್ಟು ಪಾರ್ಕಿಂಗ್ ಹತ್ತಿರ ಹೋದರೆ ಅಣ್ಣ ಬೀಡಿ ಸೇದುತ್ತಾ ನಿಂತಿದ್ದರು. "ದಿನಾ ಪ್ರಾಕ್ಟೀಸ್ ಮಾಡ್ತೀನಿ ಅಣ್ಣ, ರೇಂಜಲ್ಲಿ ಎಲ್ಲ ಚೆನ್ನಾಗಿ ಬರತ್ತೆ, ಇಲ್ಲಿ ಯಾಕೆ ಹೀಗೆ?" ಅಂತ ಕೇಳಿದೆ.

"ಕಾರ್ಡು ತೆಗೀರಿ ಸಾರ್" ಅಂದರು. ಪಕ್ಕದಲ್ಲಿ ಚಿಕ್ಕ ಚಿಕ್ಕ ಗೀಟು ಹಾಕಿಟ್ಟಿದ್ದರು. 121ರಲ್ಲಿ 44 ಪಟ್, ಅಂದರೆ ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸೋಕೆ ತಗೊಂಡ ಹೊಡೆತ. 9 ದಂಡದ್ದು, ನೀರು ಮತ್ತು ಕಾಂಪೌಂಡಿನ ಲೆಕ್ಕ. "ನೀವು ಎಷ್ಟು ದಿನ ಪಟ್ಟರ್ ಹಿಡಿದಿದೀರಾ?" ಅಂತ ಕೇಳಿದರು. ನಾನು ಸುಮ್ಮನಾದೆ. "ಆ ಮ್ಯಾಟ್ ಮೇಲೆ ಹೊಡೀತೀರಲ್ಲ, ಅದು ಸುಳ್ಳು ಹೇಳ್ತದೆ ಸಾರ್. ಚೆಂಡಿಗಿಂತ ಎರಡಿಂಚು ಹಿಂದೆ ಬಡಿದ್ರೂ ಕ್ಲಬ್ಬು ಜಾರ್ಕೊಂಡು ಹೋಗಿ ಚೆಂಡಿಗೆ ತಾಗ್ತದೆ. ಮಣ್ಣಲ್ಲಿ ಹಂಗಾಗಲ್ಲ, ಹೂತ್ಕೊಳ್ತದೆ."

ಇಷ್ಟು ಸರಿಯಾಗಿ ಹೇಳಿದ ಮೇಲೂ ನಾನು ಮಾಡಿದ್ದೇನು? ಅವಮಾನ ತಡೆಯಲಾಗದೆ ಮರುದಿನದಿಂದ 200ರ ಬದಲು 300 ಚೆಂಡು. ಅದೇ ಗಟ್ಟಿ ಮ್ಯಾಟ್ ಮೇಲೆ. ಎರಡನೇ ವಾರಕ್ಕೆ ಮೊಣಕೈ ಕೈಕೊಟ್ಟಿತು. ನೀರಿನ ಬಾಟಲಿ ಮುಚ್ಚಳ ತೆಗೆಯೋಕಾಗಲ್ಲ, ರಿಲೀಸ್ ವಾರದಲ್ಲಿ ಎಡಗೈಯಲ್ಲಿ ಮೌಸ್ ಹಿಡಿದು ಒದ್ದಾಟ. ನನ್ನ ಪಾಲಿನ ಕೆಲಸವನ್ನೂ ಪಕ್ಕದವನು ರಾತ್ರಿ ಕೂತು ಮುಗಿಸಬೇಕಾಯಿತು. ಹವ್ಯಾಸ ಅಂತ ಶುರುವಾಗಿದ್ದು ಅನ್ನ ಕೊಡುವ ಕೆಲಸಕ್ಕೇ ಕೈ ಹಾಕಿತ್ತು. ಆಗ ಹೆದರಿಕೆಯಾಗಿ ಡಾಕ್ಟರ ಹತ್ತಿರ ಓಡಿದ್ದು.

ಆರು ವಾರ ಸ್ವಿಂಗ್ ಬಂದ್ ಅಂದರು. ಕೊನೆಗೆ ಧೈರ್ಯ ಮಾಡಿ ಸತ್ಯ ಹೇಳಿ, "ಪಟ್ಟರ್ ಆದ್ರೂ ಹಿಡೀಬಹುದಾ ಡಾಕ್ಟ್ರೇ?" ಅಂತ ಕೇಳಿದೆ. ನೋವಾಗದಿದ್ದರೆ ಪರವಾಗಿಲ್ಲ, ನೋವಾದ ತಕ್ಷಣ ನಿಲ್ಲಿಸಬೇಕು ಅಂದರು.

ಹಾಲ್‌ನಲ್ಲಿ ಜಮಖಾನ ಹಾಸಿದೆ. ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತಂದು ಅಡ್ಡ ಮಲಗಿಸಿದೆ. ಗಾಲ್ಫ್ ಕುಳಿಯ ಅಗಲ 108 ಮಿಲಿಮೀಟರ್, ಚೆಂಡು ಸುಮಾರು 43. ನಮ್ಮ ಲೋಟದ ಬಾಯಿ 70. ಮೊದಲ ದಿನ ಮೂರಡಿಯಿಂದ 50ಕ್ಕೆ 17 ಹೋದವು. ಅದನ್ನು ಹಾಗೇ ಡೈರಿಯಲ್ಲಿ ಬರೆದೆ.

ಇಂಜಿನಿಯರಿಂಗ್ ಓದಿದ ತಪ್ಪಿಗೆ ಒಂದು ಲೆಕ್ಕವನ್ನೂ ಹಾಕಿದೆ. ಕುಳಿಯ ನಡುವಿನಿಂದ ಅಂಚಿಗೆ 54 ಮಿ.ಮೀ. ಮೂರಡಿ ದೂರದಿಂದ ಚೆಂಡು ಮೂರು ಡಿಗ್ರಿ ಅತ್ತಿತ್ತ ಹೋದರೂ ಕುಳಿ ಸಿಗುತ್ತದೆ. ಹತ್ತಡಿಗೆ ಹೋದರೆ ಒಂದೇ ಡಿಗ್ರಿ! ಅಮೆರಿಕದ ಪಿಜಿಎ ಟೂರ್ ಆಡುವವರೇ ಎಂಟಡಿಯ ಪಟ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟನ್ನು ತಪ್ಪಿಸುತ್ತಾರೆ. ಹಾಗಿದ್ದ ಮೇಲೆ ನನ್ನಂಥವನಿಗೆ ಬೇಕಾದ್ದು ಎರಡೇ. ದೂರದಿಂದ ಹೊಡೆದಾಗ ಚೆಂಡು ಕುಳಿಯ ಮೂರಡಿ ಒಳಗೆ ಬಂದು ನಿಲ್ಲಬೇಕು, ಮೂರಡಿಯಿಂದ ತಪ್ಪಬಾರದು. ಪಟ್ಟರ್ ನೇರ ಹೋಗಲಿ ಅಂತ ಎರಡು ಕಡೆ ಒಂದೊಂದು ಬೆಂಕಿಪೊಟ್ಟಣ ಇಟ್ಟೆ. ಸೊಟ್ಟ ಹೋದರೆ ಪೊಟ್ಟಣ ಬೀಳತ್ತೆ, ಯಾರೂ ಹೇಳಬೇಕಿಲ್ಲ. ಆರನೇ ವಾರಕ್ಕೆ 50ಕ್ಕೆ 41.

ಕೈ ಸುಮ್ಮನಿದ್ದ ಆ ದಿನಗಳಲ್ಲಿ ಕಲಿಕೆ ಬಗ್ಗೆ ಸ್ವಲ್ಪ ಓದಿದೆ. 1979ರಲ್ಲಿ ಶೇ ಮತ್ತು ಮಾರ್ಗನ್ ಅನ್ನುವ ಇಬ್ಬರು ಒಂದು ಪ್ರಯೋಗ ಮಾಡಿದ್ದರು. ಕೈಯಲ್ಲಿ ಟೆನಿಸ್ ಚೆಂಡು ಹಿಡಿದು ಮರದ ಹಲಗೆಗಳನ್ನು ಬೇರೆ ಬೇರೆ ಕ್ರಮದಲ್ಲಿ ಬೀಳಿಸೋದು. ಒಂದು ಗುಂಪಿನವರು ಒಂದೇ ಕ್ರಮವನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋದರು, ಇನ್ನೊಂದು ಗುಂಪಿನವರು ಕಲಸಿ ಕಲಸಿ ಮಾಡಿದರು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಮುಂದೆ. ಹತ್ತು ದಿನ ಬಿಟ್ಟು ನೋಡಿದರೆ ನೆನಪಿಟ್ಟುಕೊಂಡಿದ್ದು ಕಲಸಿ ಮಾಡಿದ ಗುಂಪು. ನಾನು ಒಂದೇ 7 ಐರನ್‌ನಲ್ಲಿ 200 ಹೊಡೆಯೋದು, ಒಂದೇ ಇನ್‌ಪುಟ್ ಕೊಟ್ಟು 200 ಸಲ ಟೆಸ್ಟ್ ಪಾಸಾಯಿತು ಅಂತ ಕುಣಿದ ಹಾಗೆ! ಕೋರ್ಸಿನಲ್ಲಿ ಅದೇ ಕ್ಲಬ್, ಅದೇ ಜಾಗ, ಎರಡನೇ ಅವಕಾಶ ಯಾವತ್ತೂ ಇರಲ್ಲ.

ನಮ್ಮ ಊರಿನ ಹುಡುಗಿ ಅದಿತಿ ಅಶೋಕ್ ನೆನಪಾಗಿದ್ದೂ ಆಗಲೇ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರಲ್ಲಿ, ಬೆಂಗಳೂರಿನ ಈ ಆಟಗಾರ್ತಿ ನಾಲ್ಕನೇ ಸ್ಥಾನಕ್ಕೆ ಬಂದರು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಅಮ್ಮನೇ ಕ್ಯಾಡಿ. ಕೋವಿಡ್‌ನಿಂದ ಎದ್ದು ಹೆಚ್ಚು ದಿನ ಆಗಿರಲಿಲ್ಲ, ಚೆಂಡನ್ನು ದೂರ ಹೊಡೆಯೋದರಲ್ಲಿ ಪಟ್ಟಿಯ ಕೊನೆ ಕಡೆ ಇದ್ದರು. ಅವರನ್ನು ಅಲ್ಲಿವರೆಗೆ ತಂದಿದ್ದು ಪಟ್ಟರ್. ಹಾಗಂತ ಪಟ್ಟರ್ ಒಂದೇ ಸಾಕು ಅಂತಲೂ ಅಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳ ಲೆಕ್ಕ ತೆಗೆದು 2014ರಲ್ಲಿ ಪುಸ್ತಕ ಬರೆದರು. ವೃತ್ತಿಪರರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಹೆಚ್ಚಾಗಿ ದೂರದ ಹೊಡೆತಗಳಿಂದಲೇ ಬರುತ್ತದೆ ಅನ್ನೋದು ಅವರ ಲೆಕ್ಕ. ಆದರೆ ನನ್ನ ತೂತು ಎಲ್ಲಿದೆ ಅನ್ನೋದು ನನ್ನ ಕಾರ್ಡಿನ ಗೀಟುಗಳಲ್ಲೇ ಇತ್ತಲ್ಲ.

ಆರು ವಾರ ಆದ ಮೇಲೆ ಮತ್ತೆ ರೇಂಜಿಗೆ ಹೋದೆ. ದಿನಕ್ಕೆ 50 ಚೆಂಡು ಮಾತ್ರ, ಆದಷ್ಟೂ ನಿಜವಾದ ಹುಲ್ಲಿನ ಮೇಲೆ. ಪ್ರತಿ ಚೆಂಡಿಗೂ ಕ್ಲಬ್ ಬದಲು, ಗುರಿ ಬದಲು. ಚೆಂಡಿನ ಹಿಂದೆ ಒಂದು ಗೇಣು ಬಿಟ್ಟು ಟವೆಲ್ ಮಡಿಸಿ ಇಡೋದು. ಹಿಂದೆ ಬಡಿದರೆ ಟವೆಲ್ ಎಗರಿ ಮಾನ ಕಳೆಯುತ್ತದೆ. ಆಫೀಸಿನ ವೈಟ್‌ಬೋರ್ಡ್ ಮಾರ್ಕರಿನಿಂದ ಚೆಂಡಿನ ಮೇಲೆ ಒಂದು ಗೆರೆ ಎಳೆದು ಹೊಡೆದರೆ ಕ್ಲಬ್ಬಿನ ಮುಖದ ಮೇಲೆ ಗುರುತು ಬೀಳುತ್ತದೆ. ಎಲ್ಲಿ ತಾಗಿತು ಅನ್ನೋದು ಕಣ್ಣೆದುರಿಗೇ. ನನ್ನದು ಹತ್ತರಲ್ಲಿ ಏಳು ಸಲ ತುದಿಗೇ ತಾಗುತ್ತಿತ್ತು!

ಸಾವಿರಾರು ರೂಪಾಯಿಯ ಸಾಮಾನುಗಳು ಯಾವತ್ತೂ ಇಷ್ಟು ಸ್ಪಷ್ಟವಾಗಿ ನನ್ನ ತಪ್ಪು ಹೇಳಿರಲಿಲ್ಲ. ಅವುಗಳದ್ದೇ ತಪ್ಪು ಅಂತಲ್ಲ. ವೇಗ ಅಳೆಯುವ ಯಂತ್ರ ಬಲಕ್ಕೆ ಹೋದ ಚೆಂಡುಗಳನ್ನೂ ತೋರಿಸುತ್ತಿತ್ತು, ನಾನು ಅತಿ ದೂರ ಹೋದ ಒಂದನ್ನು ಮಾತ್ರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳುತ್ತಿದ್ದೆ. ಕೊನೆಗೆ ಡ್ರೈವರ್ ಮತ್ತು ಇನ್ನೂ ಮೂರು ಸಾಮಾನು ಸಿಕ್ಕಿದ ರೇಟಿಗೆ ಮಾರಿ, ಆ ದುಡ್ಡಿನಲ್ಲಿ ಒಬ್ಬ ಕೋಚ್ ಹತ್ತಿರ ಆರು ಪಾಠ ಹೇಳಿಸಿಕೊಂಡೆ. ಹೊಸದಾಗಿ ಶುರು ಮಾಡುವವರು ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟೇ: ಸೆಕೆಂಡ್ ಹ್ಯಾಂಡ್ ಸೆಟ್ಟು, ನಿಮ್ಮ ಎತ್ತರಕ್ಕೂ ಅಂಗೈಗೂ ಸರಿಹೊಂದುತ್ತಾ ಅಂತ ಬಲ್ಲವರಿಂದ ಒಂದು ಸಲ ನೋಡಿಸಿಕೊಳ್ಳಿ, ಮಿಕ್ಕ ದುಡ್ಡು ಪಾಠಕ್ಕೆ.

ಹೋದ ತಿಂಗಳು ಅದೇ ಕೋರ್ಸಿಗೆ ಹೋಗಿ ಅದೇ ಅಣ್ಣನನ್ನೇ ಕೇಳಿ ಕರೆದುಕೊಂಡೆ. ದಾರಿಯಲ್ಲಿ ಚಿಕ್ಕರಂಗಪ್ಪನ ವಿಷಯ ತೆಗೆದರು. ಬಿಡದಿ ಕಡೆಯ ಗಾಲ್ಫ್ ರೆಸಾರ್ಟ್ ಪಕ್ಕದ ಹಳ್ಳಿ ಹುಡುಗ, ಚೆಂಡು ಹೆಕ್ಕುವ ಕೆಲಸದಿಂದ ಶುರು ಮಾಡಿ ದೊಡ್ಡ ವೃತ್ತಿಪರ ಆಟಗಾರನಾದವರು. "ಅವನ ಕೈಲಿ ಮೊದಲು ಏನಿತ್ತು ಸಾರ್?" ಅಂದರು. ನಾನು ನನ್ನ ಬ್ಯಾಗಿನ ಕಡೆ ನೋಡಿ ಸುಮ್ಮನೆ ನಡೆದೆ.

17ನೇ ಹೋಲಿನಲ್ಲಿ ನನ್ನ ಚೆಂಡು ಕುಳಿಯಿಂದ ಎರಡಡಿ ದೂರ ನಿಂತಿತು. ಜೊತೆಗಿದ್ದ ಗೆಳೆಯ "ಎತ್ಕೋ ಮಗಾ, ಅದು ಹೋದ ಹಾಗೇ" ಅಂದ. ಅಣ್ಣ ಏನೂ ಅನ್ನಲಿಲ್ಲ, ಪೆನ್ಸಿಲ್ ಹಿಡಿದು ನಿಂತಿದ್ದರು. ಆಡಿದೆ. ಅಂಚಿಗೆ ತಾಗಿ ಆಚೆ ಹೋಯಿತು! ಇನ್ನೊಂದು ಗೀಟು.

ಒಟ್ಟು 104. ಪಟ್ 34, ದಂಡ 4. ಕಮ್ಮಿಯಾದ 17ರಲ್ಲಿ ಹತ್ತು ಪಟ್ಟರಿನಿಂದ, ಐದು ದಂಡದಿಂದ. ನಾನು ಹಗಲೂ ರಾತ್ರಿ ಕೈ ಮುರಿದುಕೊಂಡು ಮಾಡಿದ ಉಳಿದ ಅಭ್ಯಾಸಕ್ಕೆಲ್ಲ ಸೇರಿ ಸಿಕ್ಕಿದ್ದು ಎರಡು.

ಸೋಮವಾರ ಆಫೀಸಿನಲ್ಲಿ 104 ಅಂದೆ. "ಏನೋ, 98 ಹೊಡೀತಿದ್ದೋನು ಹಿಂದೆ ಹೋದ್ಯಲ್ಲೋ?" ಅಂತ ಒಬ್ಬ ಕೇಳಿದ. "ಆ 98 ಸುಳ್ಳು ಕಣೋ" ಅಂದೆ. ಹೇಳೋ ಮುಂಚೆ ಎದೆ ಢವಢವ ಅಂತಿತ್ತು, ಹೇಳಿದ ಮೇಲೆ ಅವನೂ ನಕ್ಕ, ನಾನೂ ನಕ್ಕೆ, ಅಷ್ಟರಲ್ಲಿ ಮೀಟಿಂಗಿಗೆ ಹೊತ್ತಾಯಿತು.

ಕೈ ನೋವು ಈಗ ಇಲ್ಲ. ಲೋಟ ಇನ್ನೂ ಜಮಖಾನದ ಮೇಲೇ ಇದೆ. "ನಿಂಗೆ ಇನ್ಮೇಲೆ ಕಪ್ಪಲ್ಲೇ ಕಾಫಿ" ಅಂದಿದ್ದಾರೆ ಅಮ್ಮ :-)