ಡ್ಯಾಮಿನ 186 ಗೊತ್ತು, ರಕ್ತದ 11 ಗೊತ್ತಾ?

ಮುಂಗಾರು ಜೋರಾದರೆ ನಮ್ಮಂಥ ಬಿಡಿ ಸುದ್ದಿಗಾರರ ಫೋನಿಗೆ ಬಿಡುವೇ ಇರುವುದಿಲ್ಲ. ಲಕ್ಕವಳ್ಳಿ ಸುತ್ತಿನಿಂದ ಬರುವ ಪ್ರಶ್ನೆ ಒಂದೇ. ‘ಡ್ಯಾಂ ಎಷ್ಟಾಯ್ತಣ್ಣ?’ ಭದ್ರಾ ಜಲಾಶಯ 186 ಅಡಿ ಮುಟ್ಟಿದರೆ ಭರ್ತಿ. ಈ ಸಂಖ್ಯೆ ಅಂಗಡಿ ಕಟ್ಟೆಯ ಅಜ್ಜನಿಗೂ ಗೊತ್ತು, ಅಡಿಕೆ ಸುಲಿಯಲು ಕೂತ ಹೆಂಗಸರಿಗೂ ಗೊತ್ತು. ಅರ್ಧ ಅಡಿ ಏರಿದರೂ ವಾಟ್ಸಾಪಿನಲ್ಲಿ ಹಂಚುತ್ತಾರೆ.

ಇನ್ನೊಂದು ಸಂಖ್ಯೆ ಇದೆ. 11. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಕನಿಷ್ಠ ಇಷ್ಟು ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ತಾಯಿ ಕಾರ್ಡಿನಲ್ಲಿ ನರ್ಸಮ್ಮ ಬರೆದುಕೊಡುತ್ತಾರೆ. ‘ನಿಮ್ಮ ಮನೆಯವರಿಗೆ ರಕ್ತ ಎಷ್ಟಿದೆ?’ ಎಂದು ಗಂಡಂದಿರನ್ನು ಕೇಳಿ ನೋಡಿದ್ದೇವೆ. ‘ಚೆನ್ನಾಗೇ ಇದ್ದಾಳೆ’ ಎಂಬ ಉತ್ತರ ಸಿಕ್ಕಿದೆ, ಸಂಖ್ಯೆ ಸಿಕ್ಕಿದ್ದು ಅಪರೂಪ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತಹೀನತೆ ಇದೆ. ಅಂದರೆ ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬರಿಗೆ. ಆ ಗರ್ಭಿಣಿಗೆ ವಯಸ್ಸೇ ಹದಿನಾರು, ಹದಿನೇಳು ಆಗಿದ್ದರೆ? ಅವಳ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ. ಒಂದು ತಟ್ಟೆ ಊಟವನ್ನು ಬೆಳೆಯುವ ಹುಡುಗಿಯೂ ಹೊಟ್ಟೆಯ ಕೂಸೂ ಹಂಚಿಕೊಳ್ಳಬೇಕು. ಹದಿಹರೆಯದ ತಾಯಂದಿರಿಗೆ ರಕ್ತದೊತ್ತಡ ಏರಿ ಫಿಟ್ಸ್ ಬರುವ ಅಪಾಯ, ಹೆರಿಗೆಯ ನಂತರ ನಂಜಾಗುವ ಅಪಾಯ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ದಿನ ತುಂಬುವ ಮೊದಲೇ ಹುಟ್ಟುವುದು, ಎರಡೂವರೆ ಕಿಲೋಗಿಂತ ಕಡಿಮೆ ತೂಗುವುದು ಕೂಡ ಹೆಚ್ಚು.

ಇದನ್ನು ಬರೆಯಲು ಹೊರಟಾಗ ನಮ್ಮೊಳಗೆ ಒಂದು ನಿಯಮ ಹಾಕಿಕೊಂಡೆವು. ಯಾವ ಹುಡುಗಿಯ ಹೆಸರೂ ಬೇಡ, ಊರೂ ಬೇಡ, ಬೀದಿಯೂ ಬೇಡ. ಹಾಗೆ ಗುರುತು ಬಿಟ್ಟುಕೊಡಲು ಕಾನೂನು ಬಿಡುವುದಿಲ್ಲ. ಊರಿನವರಿಗಂತೂ ‘ಆ ತಿರುವಿನ ಮನೆ’ ಅಂದರೂ ಸಾಕು, ಗೊತ್ತಾಗಿಬಿಡುತ್ತದೆ.

ಪರೀಕ್ಷೆ ಮುಗಿದ ಮೇಲೆ

ಹತ್ತನೇ ತರಗತಿ ಪರೀಕ್ಷೆ ಮುಗಿಯುವುದಕ್ಕೂ ಮದುವೆ ಹಂಗಾಮು ಶುರುವಾಗುವುದಕ್ಕೂ ಸರಿಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹುಡುಗಿ ಶಾಲೆಯ ಹಾಜರಿ ಪುಸ್ತಕದಲ್ಲೂ ಇಲ್ಲ, ಕಾಲೇಜಿನ ಪುಸ್ತಕದಲ್ಲೂ ಇಲ್ಲ. ಮೇಷ್ಟ್ರಿಗೆ ಲೆಕ್ಕ ಕೊಡಬೇಕಾಗಿಲ್ಲ. ‘ರಜೆಗೆ ಅತ್ತೆ ಮನೆಗೆ ಹೋಗಿದ್ದಾಳೆ’ ಅಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಜೂನ್‌ನಲ್ಲಿ ನೋಡಿದರೆ ಕತ್ತಿನಲ್ಲಿ ತಾಳಿ.

ಜಲಾಶಯದ ಹತ್ತಿರವೇ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಎಂ.ಎ., ಎಂ.ಎಸ್ಸಿ. ಮಾಡಲು ಎಲ್ಲೆಲ್ಲಿಂದಲೋ ಹೆಣ್ಣುಮಕ್ಕಳು ಅಲ್ಲಿಗೆ ಬರುತ್ತಾರೆ. ನಮ್ಮ ಕಡೆಯ ಕೆಲವು ಹುಡುಗಿಯರ ಓದು ಮಾತ್ರ ಹತ್ತಕ್ಕೇ ನಿಲ್ಲುತ್ತದೆ.

ಅಪ್ಪ ಅಮ್ಮಂದಿರನ್ನು ಕೆಟ್ಟವರು ಅಂದುಬಿಡುವುದು ಸುಲಭ. ಅವರ ಜೊತೆ ಕೂತು ಮಾತಾಡಿದರೆ ಬೇರೆ ಚಿತ್ರ ಕಾಣುತ್ತದೆ. ಕಾಫಿ ಹಣ್ಣಿನ ಕಾಲಕ್ಕೆ ಕಡೂರು, ತರೀಕೆರೆ ಬಯಲು ಭಾಗದಿಂದ ಮಲೆನಾಡಿನ ಎಸ್ಟೇಟಿಗೆ ಹೋಗುವ ಕುಟುಂಬಗಳಿವೆ. ಬೆಳೆದ ಮಗಳನ್ನು ಒಬ್ಬಳನ್ನೇ ಮನೆಯಲ್ಲಿ ಬಿಟ್ಟು ಹೋಗುವ ಧೈರ್ಯ ಅವರಿಗಿಲ್ಲ, ಲೈನ್ ಮನೆಗೆ ಕರೆದುಕೊಂಡು ಹೋಗುವ ಮನಸ್ಸೂ ಇಲ್ಲ. ಅಜ್ಜಿಗೆ ಕಣ್ಣು ಮುಚ್ಚುವ ಮೊದಲು ಮೊಮ್ಮಗಳ ಮದುವೆ ನೋಡುವ ಆಸೆ. ಅಕ್ಕನ ಮದುವೆಯ ಚಪ್ಪರದಲ್ಲೇ ತಂಗಿಯದೂ ಮುಗಿದರೆ ಖರ್ಚು ಉಳಿಯುತ್ತದೆ ಎಂಬ ಲೆಕ್ಕ. ಇವೆಲ್ಲದರ ಮೇಲೆ ಮೊಬೈಲ್ ಭಯ. ‘ಯಾರ ಜೊತೆನೋ ಓಡಿ ಹೋದ್ರೆ ಮುಖ ಎತ್ಕೊಂಡು ತಿರುಗೋಕಾಗುತ್ತಾ?’ ಎಂದು ನಮ್ಮನ್ನೇ ಕೇಳಿದವರಿದ್ದಾರೆ. ಈ ಭಯಕ್ಕೆ ಉತ್ತರ ಹುಡುಕದೆ ಬರೀ ಕಾನೂನು ಓದಿ ಹೇಳಿದರೆ ಅವರು ತಲೆಯಾಡಿಸಿ ಕಳಿಸುತ್ತಾರೆ, ಮದುವೆ ಬೇರೆ ತಾಲ್ಲೂಕಿನ ದೇವಸ್ಥಾನದಲ್ಲಿ ನಡೆಯುತ್ತದೆ.

ಅದೇ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ನೂರಕ್ಕೆ 21.3. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ 21.4 ಇತ್ತು. ನಾಲ್ಕೈದು ವರ್ಷದಲ್ಲಿ ಸಂಖ್ಯೆ ಅಲುಗಾಡಿಲ್ಲ. 15ರಿಂದ 19ರೊಳಗೆ ತಾಯಿಯಾದ ಅಥವಾ ಗರ್ಭಿಣಿಯಾಗಿದ್ದ ಹುಡುಗಿಯರ ಪ್ರಮಾಣ ಮಾತ್ರ 7.8ರಿಂದ 5.4ಕ್ಕೆ ಇಳಿದಿದೆ. ತಡೆಯಬಹುದು ಎಂಬುದಕ್ಕೆ ಅದೊಂದು ಗುರುತು.

ತಡೆಯುವವರು ಯಾರು?

ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ ಬಾಲ್ಯ ವಿವಾಹ ತಡೆಯುವ ಬಗ್ಗೆ 2011ರಲ್ಲಿ ವರದಿ ಕೊಟ್ಟಿತು. ಕರ್ನಾಟಕದ 2016ರ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ಬಾಲ್ಯ ವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಿಗೆ ಅದು ಮದುವೆಯೇ ಅಲ್ಲ. ಮದುವೆ ಮಾಡಿಸಿದವರಿಗೆ, ಮಾಡಲು ನೆರವಾದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ತಡೆಯುವ ಅಧಿಕಾರ ತಹಶೀಲ್ದಾರರಿಂದ ಹಿಡಿದು ಪಂಚಾಯಿತಿ ಪಿಡಿಒವರೆಗೆ ಹಲವರಿಗಿದೆ.

ಆದರೆ ವಿಷಯ ಮೊದಲು ಗೊತ್ತಾಗುವುದು ಅಧಿಕಾರಿಗಲ್ಲ. ಆಶಾ ಅಕ್ಕನಿಗೆ, ಅಂಗನವಾಡಿ ಟೀಚರಿಗೆ, ಪಕ್ಕದ ಮನೆಯವಳಿಗೆ, ಕ್ಲಾಸಿನ ಗೆಳತಿಗೆ. ಇವರೂ ಅದೇ ಊರಲ್ಲಿ ಬದುಕಬೇಕು. ‘ನೀನೇ ಅಲ್ವಾ ಫೋನ್ ಮಾಡಿದ್ದು?’ ಎಂದು ಆಶಾ ಅಕ್ಕನ ಮನೆಮುಂದೆ ನಿಂತು ಬೈದು ಹೋದವರನ್ನು ನಾವು ಬಲ್ಲೆವು. ಮಾರನೇ ದಿನ ಅದೇ ಅಕ್ಕ ಅದೇ ಮನೆಗೆ ಮಗುವಿನ ಚುಚ್ಚುಮದ್ದಿನ ದಿನ ನೆನಪಿಸಲು ಹೋದಳು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದವರ ಹೆಸರು ಗುಟ್ಟಾಗಿ ಉಳಿಯಬೇಕಾದ್ದು ಇದಕ್ಕೇ.

ಸ್ತ್ರೀಶಕ್ತಿ ಸಂಘದ ಒಂದು ಸಭೆಯಲ್ಲಿ ನಾವು ಮೂಲೆಯಲ್ಲಿ ಕೂತಿದ್ದೆವು. ಸದಸ್ಯೆಯೊಬ್ಬರು ಮಗಳ ಮದುವೆಗೆಂದು ಸಾಲ ಕೇಳಿದರು. ಲೆಕ್ಕ ಬರೆಯುತ್ತಿದ್ದ ಹೆಂಗಸು ಪೆನ್ನು ಕೆಳಗಿಟ್ಟು, ‘ಅಕ್ಕ, ಮಾರ್ಕ್ಸ್ ಕಾರ್ಡ್ ತಂದು ತೋರ್ಸು, ಹುಟ್ಟಿದ ದಿನ ನೋಡ್ತೀವಿ’ ಅಂದರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಇನ್ನೊಬ್ಬರು, ‘ಓದ್ಸೋಕೆ ಅಂತ ಕೇಳು, ಇವತ್ತೇ ಬರೀತೀವಿ’ ಅಂದರು. ಭಾಷಣ ಇರಲಿಲ್ಲ, ಬ್ಯಾನರ್ ಇರಲಿಲ್ಲ. ತಮ್ಮದೇ ದುಡ್ಡಿನ ಮೇಲೆ ತಾವೇ ಹಾಕಿಕೊಂಡ ಷರತ್ತು. ಲಗ್ನಪತ್ರಿಕೆ ಅಚ್ಚು ಹಾಕುವವರು, ಛತ್ರದವರು, ಪುರೋಹಿತರು, ಶಾಮಿಯಾನ, ಅಡುಗೆಯವರು, ಇವರೆಲ್ಲ ಮುಂಗಡ ಹಿಡಿಯುವ ಮೊದಲು ಇದೇ ಒಂದು ಪ್ರಶ್ನೆ ಕೇಳಿದರೆ ಅರ್ಧ ಕೆಲಸ ಅಲ್ಲಿಗೇ ಆಗುತ್ತದೆ.

ಇಂಥ ಪ್ರಯತ್ನ ಎಲ್ಲ ಕಡೆ ಒಂದೇ ಥರ ಫಲ ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ ‘ಸಮತಾ’ ಎಂಬ ಕಾರ್ಯಕ್ರಮದ ಅಧ್ಯಯನ ನಡೆಯಿತು. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಹೈಸ್ಕೂಲು ಮುಗಿಸುವಂತೆ ಮಾಡಿ ಮದುವೆ ಮುಂದೂಡುವುದು ಅದರ ಗುರಿ. ಕಾರ್ಯಕ್ರಮ ನಡೆದ ಹಳ್ಳಿಗೂ ನಡೆಯದ ಹಳ್ಳಿಗೂ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆ ಅವಧಿಯಲ್ಲಿ ಎರಡೂ ಕಡೆ ಹುಡುಗಿಯರು ಮೊದಲಿಗಿಂತ ಹೆಚ್ಚು ಓದತೊಡಗಿದ್ದರು ಎಂಬುದು ಅದಕ್ಕೊಂದು ಕಾರಣ. ನಮಗೆ ಇದು ನಿರಾಶೆಯ ಸುದ್ದಿ ಅನ್ನಿಸಲಿಲ್ಲ. ಬಸ್ಸು, ಹಾಸ್ಟೆಲ್ಲು, ಹತ್ತಿರದ ಶಾಲೆ, ಇವು ಸದ್ದಿಲ್ಲದೆ ಮಾಡುವ ಕೆಲಸ ದೊಡ್ಡದು. ಸಂಜೆಯ ಬಸ್ಸು ತಪ್ಪಿದರೆ ಮಗಳು ಹೇಗೆ ಮನೆಗೆ ಬರುತ್ತಾಳೆ ಎಂಬ ಪ್ರಶ್ನೆಗೆ ಉತ್ತರವಿದ್ದ ಮನೆಯಲ್ಲಿ ಪಿಯುಸಿ ಮುಂದುವರಿಯುತ್ತದೆ.

ಆಗಿಹೋದ ಮೇಲೆ

ಮದುವೆ ತಡೆದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಹೆತ್ತವರು ಮುಚ್ಚಳಿಕೆ ಬರೆದುಕೊಟ್ಟರು ಎಂಬಲ್ಲಿಗೆ ಮುಗಿಯುತ್ತದೆ. ಗುಟ್ಟಾಗಿ ಮದುವೆಯಾಗಿ ಬಸುರಿಯಾದ ಹುಡುಗಿ, ಮದುವೆಯಿಲ್ಲದೆಯೇ ಬಸುರಿಯಾದ ಹುಡುಗಿ, ಇವರ ಸುದ್ದಿ ಎಲ್ಲೂ ಬರುವುದಿಲ್ಲ. ಬರಲೂ ಬಾರದು. ಆದರೆ ಆಸ್ಪತ್ರೆಗಾದರೂ ಬರಬೇಕಲ್ಲ?

ಬರುವುದಿಲ್ಲ. ಕಾರಣ ಭಯ. 18ರೊಳಗಿನ ಹುಡುಗಿಯ ಜೊತೆ ದೈಹಿಕ ಸಂಬಂಧ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಕಟ್ಟಿಕೊಂಡ ಗಂಡನಿಗೂ ವಿನಾಯಿತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ವಿಷಯ ತಿಳಿದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಹಾಗಾಗಿ ಮನೆಯವರು ಏನು ಮಾಡುತ್ತಾರೆ? ತಾಯಿ ಕಾರ್ಡ್ ಮಾಡಿಸುವುದಿಲ್ಲ. ವಯಸ್ಸು 19 ಎನ್ನುತ್ತಾರೆ. ಇಲ್ಲವೇ ಏಳು ತಿಂಗಳವರೆಗೆ ಹೊರಗೇ ಕಳಿಸುವುದಿಲ್ಲ. ಮೂರು ತಿಂಗಳೊಳಗೆ ಆಗಬೇಕಾದ ಮೊದಲ ತಪಾಸಣೆ ಆಗುವುದಿಲ್ಲ, ಕಬ್ಬಿಣದ ಮಾತ್ರೆ ಸಿಗುವುದಿಲ್ಲ, ಬಿಪಿ ನೋಡುವವರಿಲ್ಲ. ಯಾರಿಗೆ ಎಲ್ಲರಿಗಿಂತ ಹೆಚ್ಚು ವೈದ್ಯರ ಕಣ್ಣು ಬೇಕೋ ಅವಳೇ ಎಲ್ಲರಿಗಿಂತ ತಡವಾಗಿ ಬರುತ್ತಾಳೆ.

ಪೋಕ್ಸೊ ಬೇಡ ಎಂದು ನಾವು ಹೇಳುತ್ತಿಲ್ಲ. ಮೋಸ ಹೋದ, ಬಲವಂತಕ್ಕೆ ಸಿಕ್ಕ ಮಕ್ಕಳಿಗೆ ಅದೊಂದೇ ಆಸರೆ. ಆದರೆ ಕೇಸಿನ ಭಯಕ್ಕೆ ಹುಡುಗಿಯ ಜೀವ ಒತ್ತೆ ಇಡಬಾರದು. ಕೇಸು ನಡೆಯುವುದು ತಪ್ಪು ಮಾಡಿದವರ ಮೇಲೆ, ಹುಡುಗಿಯ ಮೇಲಲ್ಲ. ವಯಸ್ಸು ಎಷ್ಟೇ ಇರಲಿ, ಅವಳಿಗೆ ಚಿಕಿತ್ಸೆ ಸಿಗಬೇಕು. ಅದು ಅವಳ ಹಕ್ಕು.

ಇನ್ನೊಂದು ಮಾತು ಹಳ್ಳಿಗಳಲ್ಲಿ ತಿಳಿದಿರುವುದು ಕಡಿಮೆ. 2021ರ ತಿದ್ದುಪಡಿಯಾದ ಕಾನೂನಿನ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ, 20ರಿಂದ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅಪ್ರಾಪ್ತೆಯ ಗರ್ಭವನ್ನು ಕಾನೂನುಬದ್ಧವಾಗಿ ತೆಗೆಸಬಹುದು. ಪೋಷಕರ ಲಿಖಿತ ಒಪ್ಪಿಗೆ ಬೇಕು. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರು, ಗುರುತು ಬರೆಯಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. ಮೆಡಿಕಲ್ ಶಾಪಿನಿಂದ ಗುಟ್ಟಾಗಿ ಮಾತ್ರೆ ತಂದು ನುಂಗಿಸುವುದು, ನಾಟಿ ಮದ್ದು ಕುಡಿಸುವುದು ಜೀವಕ್ಕೇ ಕುತ್ತು.

ತಟ್ಟೆ, ತೂಕ, ತೊಟ್ಟಿಲು

ವಯಸ್ಸಿಗೆ ಬಂದೇ ತಾಯಾದವರ ಕಥೆಯೂ ಪೂರ್ತಿ ಸುಖದ್ದಲ್ಲ. ಆದರೆ ಇಲ್ಲಿ ನಾವು ಬಹಳ ದೂರ ಬಂದಿದ್ದೇವೆ. ಒಂದು ಲಕ್ಷ ಹೆರಿಗೆಗೆ ಕರ್ನಾಟಕದಲ್ಲಿ 2004-06ರಲ್ಲಿ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಈ ನಡುವೆ ಬಂದದ್ದು ಆಶಾ ಕಾರ್ಯಕರ್ತೆಯರು, 108 ಆಂಬುಲೆನ್ಸ್, ಆಸ್ಪತ್ರೆ ಹೆರಿಗೆ. ಭದ್ರಾ ಅಭಯಾರಣ್ಯದ ಒಳಗಿದ್ದ ಹಳ್ಳಿಗಳ ಕುಟುಂಬಗಳು 2000ದ ಆರಂಭದ ವರ್ಷಗಳಲ್ಲಿ ಎಂ.ಸಿ. ಹಳ್ಳಿಗೆ ಬಂದು ನೆಲೆಸಿದಾಗ ಅವರಿಗೆ ಬೇಕಿದ್ದ ಮುಖ್ಯ ಸೌಲಭ್ಯಗಳಲ್ಲಿ ಆಸ್ಪತ್ರೆ, ಶಾಲೆ, ರಸ್ತೆ ಇದ್ದವು. ನೋವು ಬಂದ ಬಸುರಿಯನ್ನು ಕಾಡು ದಾಟಿಸುವುದು ಏನೆಂದು ಗೊತ್ತಿದ್ದವರಿಗೆ ರಸ್ತೆಯ ಬೆಲೆ ಗೊತ್ತಿರುತ್ತದೆ.

ಸರ್ಕಾರ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ತಂದಿತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ. ಬಯಲಿನ ಊರಲ್ಲಿ ಅಂಗನವಾಡಿ ಎರಡು ಬೀದಿ ದಾಟಿದರೆ ಸಿಗುತ್ತದೆ. ಮಲೆನಾಡಿನ ಒಂಟಿಮನೆಯ ಗರ್ಭಿಣಿ ಮಳೆಯಲ್ಲಿ ಏರು ಹತ್ತಿ ಇಳಿದು ಉಂಡು ಬರುವಷ್ಟರಲ್ಲಿ ಉಂಡದ್ದು ಕರಗಿರುತ್ತದೆ. ಲಕ್ಕವಳ್ಳಿ ಸುತ್ತ ಎರಡೂ ಥರದ ಊರುಗಳಿವೆ. ದಾರಿಯಲ್ಲಿ ಜೊತೆಗೊಬ್ಬರು ಬಂದರೆ ಆಕೆ ಹೋಗುತ್ತಾಳೆ. ಅತ್ತೆಯೋ ನಾದಿನಿಯೋ ಆ ಜೊತೆಯಾಗಬಹುದು.

ಮನೆಯಲ್ಲೇ ಆಗುವ ಕೆಲಸಗಳೂ ಇವೆ. ಊಟವಾದ ತಕ್ಷಣ ಕಾಫಿ, ಟೀ ಕುಡಿದರೆ ಊಟದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ತಡೆದು ಕುಡಿಯಿರಿ. ಗರ್ಭಿಣಿ ಕಬ್ಬಿಣದ ಮಾತ್ರೆಯನ್ನು 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಶಾಲೆಗೆ ಹೋಗುವ ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ. ಅದನ್ನು ಬ್ಯಾಗಿನಲ್ಲಿಟ್ಟು ಮರೆಯುವ ಮಕ್ಕಳೇ ಹೆಚ್ಚು, ಅಮ್ಮಂದಿರು ಬ್ಯಾಗ್ ನೋಡಿ.

ಬಾಣಂತನದಲ್ಲಿ ನೀರು ಕೊಡಬಾರದು, ಸೊಪ್ಪು ನಂಜು ಎನ್ನುವ ಅಜ್ಜಿಯರ ಪ್ರೀತಿ ದೊಡ್ಡದು, ಪಥ್ಯ ಮಾತ್ರ ಬಾಣಂತಿಯನ್ನು ಸೊರಗಿಸುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು, ಆರು ತಿಂಗಳು ಎದೆಹಾಲು ಮಾತ್ರ. ತೂಕ ಕಡಿಮೆ ಇರುವ ಕೂಸನ್ನು ಅಮ್ಮ ಎದೆಗೆ ಅವಚಿಕೊಂಡರೆ ಅದೇ ಬಿಸಿ, ಅದೇ ಮದ್ದು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಅಕ್ಕ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಸಹಿ ಹಾಕಿ ಕಳಿಸಬೇಡಿ. ಕೂಸನ್ನು ತೂಗಲಿ, ಹೊಕ್ಕುಳು ನೋಡಲಿ. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಉಸಿರಿನ ವೇಗ ಹೆಚ್ಚಿದರೆ, ಬಾಣಂತಿಗೆ ಜ್ವರ ಬಂದರೆ, ರಕ್ತಸ್ರಾವ ನಿಲ್ಲದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಈಗ ಮಾಡಬಹುದಾದ ಒಂದು ಕೆಲಸ

ಇದನ್ನು ಓದುತ್ತಿರುವವರು ನಿಮ್ಮ ಬೀದಿಯಲ್ಲಿ ಈ ಸಲ ಹತ್ತನೇ ತರಗತಿ ಬರೆಯುವ ಹುಡುಗಿಯರು ಎಷ್ಟು ಎಂದು ಎಣಿಸಿ ಇಟ್ಟುಕೊಳ್ಳಿ. ಕಾಲೇಜು ಶುರುವಾದ ಮೇಲೆ ಇನ್ನೊಮ್ಮೆ ಎಣಿಸಿ. ಒಬ್ಬಳು ಕಡಿಮೆ ಬಂದರೆ ಆ ಮನೆಗೆ ಹೋಗಿ, ಕಾಫಿ ಕುಡಿಯುವ ನೆಪದಲ್ಲಾದರೂ, ‘ಮಗಳು ಯಾವ ಕಾಲೇಜು?’ ಎಂದು ಕೇಳಿ. ಫೀಸಿನ ತೊಂದರೆಯಾದರೆ ದಾರಿ ಹುಡುಕಬಹುದು, ಬಸ್ಸಿನ ತೊಂದರೆಯಾದರೆ ಗ್ರಾಮಸಭೆಯಲ್ಲಿ ಎತ್ತಬಹುದು. ಚಪ್ಪರದ ಗಳು ಆಗಲೇ ಬಂದು ಬಿದ್ದಿದ್ದರೆ, ಮನೆಯಿಂದ ಹೊರಗೆ ಬಂದು 1098 ಒತ್ತಿ. ಯಾರು ಎಂದು ಯಾರಿಗೂ ಗೊತ್ತಾಗಬೇಕಿಲ್ಲ.