ನರಿಯ ಪಕ್ಷ

ತರಗತಿಯಲ್ಲಿ ದುರ್ಗಸಿಂಹನ ಪಂಚತಂತ್ರವನ್ನು ಪಾಠ ಹೇಳುವಾಗಲೆಲ್ಲ ನನ್ನ ಮನಸ್ಸು ಕಾಲುದಾರಿ ಹಿಡಿದು ಬೇರೊಂದು ಕಾಡನ್ನು ಹೊಕ್ಕುಬಿಡುತ್ತದೆ. ಅದು ‘ಟಿಂಕಲ್’ ಎಂಬ ಇಂಗ್ಲಿಷ್ ಮಕ್ಕಳ ಪತ್ರಿಕೆಯ ಕಾಡು. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1980ರಲ್ಲಿ ಮುಂಬಯಿಯಿಂದ ಹೊರಡಿಸಿದ ಪತ್ರಿಕೆ ಅದು. ಅಲ್ಲಿ ಕಾಲಿಯಾ ಎಂಬ ಕಾಗೆ, ಚಮತಕನೆಂಬ ನರಿ, ಡೂಬ್ ಡೂಬ್ ಎಂಬ ಮಂದಮತಿ ಮೊಸಳೆ. ಕೀಚು, ಮೀಚು ಎಂಬ ಮೊಲದ ಮರಿಗಳಿಗಾಗಿ ನರಿ ಹೊಂಚು ಹಾಕುವುದು, ಕಾಗೆ ಅದನ್ನು ಕಂಡುಹಿಡಿಯುವುದು, ಕೊನೆಗೆ ನರಿಯೋ ಮೊಸಳೆಯೋ ಪೆಟ್ಟು ತಿಂದು ನರಳುವುದು – ಕಥೆ ಇಷ್ಟೇ.

ಚಮತಕನ ಹೆಸರು ಕೇಳಿದರೆ ಕರಟಕ ದಮನಕರ ದಾಯಾದಿಯೆಂದೇ ತೋರುತ್ತದೆ. ಆದರೆ ದಮನಕನ ಚಾಡಿಗೆ ಸಂಜೀವಕನೆಂಬ ಎತ್ತು ಪ್ರಾಣವನ್ನೇ ತೆತ್ತಿತು. ಈ ಬಡಪಾಯಿಗೆ ಒಂದು ಮೊಲದ ಮರಿಯೂ ದಕ್ಕಲಿಲ್ಲ!

ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ನಾನೂ ಅಣ್ಣನೂ ಅದನ್ನು ತಂದು, ಜಗಲಿಯ ಮೇಲೆ ಬೋರಲು ಮಲಗಿ ಓದುತ್ತಿದ್ದೆವು. ನನ್ನದು ಕಾಗೆಯ ಪಕ್ಷ. ಅಣ್ಣನದು ನರಿಯದು. “ಪಾಪ, ರಾತ್ರಿ ಅದು ಏನು ತಿನ್ನುತ್ತದೋ?” ಎನ್ನುತ್ತಿದ್ದ. ನಾನು ನಗುತ್ತಿದ್ದೆ.

ಅಣ್ಣ ಬೆಳೆದು ಜೆರಾಕ್ಸ್ ಅಂಗಡಿ ಇಟ್ಟ, ಅಣಬೆ ಬೆಳೆದ, ಕೋಳಿ ಸಾಕಿದ. ಒಂದೂ ಕೈಹತ್ತಲಿಲ್ಲ. ಕೋಳಿಗಳಿಗಂತೂ ಒಂದೇ ವಾರದಲ್ಲಿ ರೋಗ ಬಡಿಯಿತು. ನಾಲ್ಕನೆಯ ಸಾಹಸಕ್ಕೆ ಸಾಲ ಕೊಡಲು ಹೊರಟಿದ್ದ ಚಿಕ್ಕಪ್ಪ ನನ್ನ ಅಭಿಪ್ರಾಯ ಕೇಳಿದರು. ತಿಂಗಳು ತಿಂಗಳು ಸಂಬಳ ಬರುವ ಕೊಂಬೆಯ ಮೇಲೆ ಕುಳಿತವನು ನಾನು. ಎರಡು ಸಲ ಕಾ ಕಾ ಎಂದೆ. ಚಿಕ್ಕಪ್ಪನ ಹಣ ಉಳಿಯಿತು.

ಅಂದು ಸಂಜೆ ಅಣ್ಣ ಮನೆಗೆ ಬಂದ. ಜಗಳ ಆಡಬಹುದೆಂದು ನಾನು ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವನು ಚಪ್ಪಲಿ ಬಿಡುತ್ತ, “ಏನೋ ಕಾಲಿಯಾ, ಕಾಫಿ ಇದೆಯೇನೋ?” ಎಂದ. ಜೋಡಿಸಿಕೊಂಡ ಮಾತೆಲ್ಲ ಗಂಟಲಲ್ಲೇ ಉಳಿಯಿತು.

ಇದೆಲ್ಲ ಆಗಿ ಹತ್ತು ವರ್ಷ. ಕಳೆದ ಭಾನುವಾರ ನನ್ನ ಮಗಳು ಅಟ್ಟದಿಂದ ಹಳೆಯ ಪ್ರತಿಗಳನ್ನು ಇಳಿಸಿದಳು. ದೊಡ್ಡಪ್ಪನ ಪಕ್ಕ ಕುಳಿತು ಓದುತ್ತ, “ಈ ನರಿಗೆ ಸಾಕೆನಿಸುವುದೇ ಇಲ್ಲವೇ, ದೊಡ್ಡಪ್ಪ?” ಎಂದಳು.

“ಸಾಕೆಂದರೆ ಮುಂದಿನ ಸಂಚಿಕೆಗೆ ಕಥೆ ಎಲ್ಲಿಂದ ಬರಬೇಕು ಮಗೂ?” ಎಂದ ಅಣ್ಣ, ನನ್ನತ್ತ ತಿರುಗಿ ಜೇನುಪೆಟ್ಟಿಗೆಗಳ ಲೆಕ್ಕ ಹೇಳತೊಡಗಿದ. ಐವತ್ತು ಪೆಟ್ಟಿಗೆಯಂತೆ. ನಾನು ಬಾಯಿ ಬಿಡಲಿಲ್ಲ. ಕಾಫಿಗೆ ಹಾಲು ಕಾಯಿಸಲು ಎದ್ದೆ.